ತುಮಕೂರು ಬಂದರಿನ ವೈಫೈ ಮಹಾತ್ಮೆ

ಹಡಗಿನಲ್ಲಿ ಲೋಕ ಸುತ್ತುವವರ ಕಷ್ಟ ಕೇಳಿದರೆ ಎಂಥವರ ಕರುಳೂ ಚುರ್ ಎನ್ನಬೇಕು. ಹೊತ್ತು ಹೊತ್ತಿಗೆ ಊಟ, ಈಜುಕೊಳ, ಬೆಳಗ್ಗೆ ಯೋಗ, ರಾತ್ರಿ ಕುಣಿತ ಎಲ್ಲವೂ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಸೇರದೆ ಉಳಿಯುವುದು ಇಂಟರ್‌ನೆಟ್ ಒಂದೇ. ನಡುಗಡಲಿನಲ್ಲಿ ಟವರ್ ನೆಡುವಂತಿಲ್ಲ, ಹಡಗಿನ ಬಾಲಕ್ಕೆ ಕೇಬಲ್ ಕಟ್ಟುವಂತಿಲ್ಲ. ಹಳೆಯ ಪದ್ಧತಿಯ ಹಡಗಾದರೆ ಮೊಮ್ಮಗನ ಒಂದು ಫೋಟೊ ನೆಲದಿಂದ ಸುಮಾರು 36,000 ಕಿ.ಮೀ. ಮೇಲಿರುವ ಉಪಗ್ರಹಕ್ಕೆ ಹತ್ತಿ ಇಳಿದು ಬರಬೇಕು. ಅಷ್ಟು ದೂರದ ಬಾಡಿಗೆಯನ್ನು ಯಾರಾದರೂ ಕೊಡಲೇಬೇಕಲ್ಲ, ಅಜ್ಜ ಕೊಡುತ್ತಾನೆ.

ಆದ್ದರಿಂದ ಹಡಗು ದಡ ಮುಟ್ಟಿದಾಗ ಅನುಭವಸ್ಥರು ಕೋಟೆ ಎಲ್ಲಿ, ಚರ್ಚು ಎಲ್ಲಿ ಎಂದು ಕೇಳುವುದಿಲ್ಲ. ಹಡಗಿನ ಸಿಬ್ಬಂದಿ ಯಾವ ಕಡೆ ಬಿರಬಿರನೆ ನಡೆಯುತ್ತಾರೋ ಆ ಕಡೆ ಹೆಜ್ಜೆ ಹಾಕುತ್ತಾರೆ. ನಾವಿಕರ ಕ್ಲಬ್ಬೋ, ಊರಿನ ಲೈಬ್ರರಿಯೋ, ಮೂಲೆಯ ಕಾಫಿ ಅಂಗಡಿಯೋ, ಎಲ್ಲಿ ಸಿಬ್ಬಂದಿ ಒಂದೊಂದೇ ಕಾಫಿ ಮುಂದಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಾರೋ ಅಲ್ಲಿ ಅಗ್ಗದ ವೈಫೈ ಇದೆ ಎಂದು ಅರ್ಥ. ಇದು ಸಮುದ್ರಯಾನಿಗಳ ಗುಟ್ಟಿನ ವಿದ್ಯೆ. ಇದನ್ನು ಅವರು ಬಹಳ ದೊಡ್ಡದು ಎಂದುಕೊಂಡಿದ್ದಾರೆ. ಪಾಪ, ಅವರು ತುಮಕೂರು ಜಿಲ್ಲೆ ನೋಡಿಲ್ಲ. ಹಡಗಿನಿಂದ ಇಳಿದು ಒಂದು ಮಧ್ಯಾಹ್ನ ನೆಟ್ ಹುಡುಕುವುದು ಒಂದು ಸಾಧನೆಯೇ? ಹಡಗನ್ನೇ ಹತ್ತದೆ, ದಡದಲ್ಲೇ ಹುಟ್ಟಿ, ದಡದಲ್ಲೇ ಬೆಳೆದು, ವರ್ಷದ ಮುನ್ನೂರ ಅರವತ್ತೈದು ದಿನವೂ ದಡದ ಮೇಲೇ ನಿಂತು ನೆಟ್ ಹುಡುಕುವುದಿದೆಯಲ್ಲ, ಅದು ಸಾಧನೆ. ತುಮಕೂರು, ಗುಬ್ಬಿ, ಕುಣಿಗಲ್ ಎಂಬ ಮೂರು ಬಂದರುಗಳ ಈ ಪಾಂಡಿತ್ಯವನ್ನು ಇಷ್ಟು ದಿನ ಯಾರೂ ಹೊಗಳಿಲ್ಲ ಎಂಬುದೇ ನನಗೆ ಬೇಸರ.

ತುಮಕೂರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಕೊಂಕು ತೆಗೆಯುವವರು ಇದ್ದೇ ಇರುತ್ತಾರೆ. ಅವರು ದಯವಿಟ್ಟು ಗುಬ್ಬಿಯ ಮೇಲೆ ಹಾದುಹೋಗುವ ಹೆದ್ದಾರಿಯನ್ನು, ನಮ್ಮ ಬಾಯಿಗೆ ಇನ್ನೂ 206 ಎಂದೇ ಬರುವುದನ್ನು, ಹಿಡಿದು ಹೋಗಲಿ. ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿದರೆ ಹೊನ್ನಾವರ, ಅಲ್ಲಿ ರಸ್ತೆ ಮುಗಿದು ಅರಬ್ಬೀ ಸಮುದ್ರ. ಕುಣಿಗಲ್ ಮೇಲಿನ 75ನೇ ಹೆದ್ದಾರಿ ಹಿಡಿದರೂ ಅಷ್ಟೆ. ಹಾಸನ, ಸಕಲೇಶಪುರ ಕಳೆದು ಶಿರಾಡಿ ಇಳಿದರೆ ಮಂಗಳೂರು. ಎರಡು ತಾಲ್ಲೂಕು ಕೇಂದ್ರಗಳ ಎರಡೂ ದಾರಿ ಕೊನೆಗೆ ನೀರಿಗೇ ಇಳಿಯುತ್ತವೆ. ಇದೂ ಸಾಲದಿದ್ದರೆ ರೈಲ್ವೆ ನಿಲ್ದಾಣದ ಹಳದಿ ಹಲಗೆ ನೋಡಲಿ. ಊರಿನ ಹೆಸರಿನ ಕೆಳಗೆ, ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎತ್ತರ ಎಂದು ಸರ್ಕಾರವೇ ಬರೆಸಿದೆ. ಸಂಬಂಧವೇ ಇಲ್ಲದಿದ್ದರೆ ಬ್ರಿಟಿಷರ ಕಾಲದಿಂದ ಇವತ್ತಿನವರೆಗೆ ಆ ಲೆಕ್ಕ ಯಾಕಿಟ್ಟುಕೊಂಡು ಬಂದರು? ತುಮಕೂರಿಗೆ ಅಮಾನಿಕೆರೆ ಇದೆ, ಗುಬ್ಬಿಗೆ ಅದರದೇ ಕೆರೆ ಇದೆ, ಕುಣಿಗಲ್ಲಿನ ದೊಡ್ಡಕೆರೆಯನ್ನು ಜನಪದರು ಹಾಡಿ ಹಾಡಿ ನಾಡಿಗೆಲ್ಲ ಪರಿಚಯ ಮಾಡಿಸಿದ್ದಾರೆ. ನೀರಿದೆ, ದಡವಿದೆ. ಇಲ್ಲದ್ದು ಹಡಗು ಮಾತ್ರ, ಆ ಸಣ್ಣ ಕೊರತೆಯನ್ನು ಕೆಎಸ್ಸಾರ್ಟಿಸಿಯ ಕೆಂಪು ಬಸ್ಸೂ ಬೆಂಗಳೂರಿನ ಪಾಸಿನವರ ರೈಲೂ ತುಂಬಿಕೊಟ್ಟಿವೆ.

ಇಲ್ಲಿ ಒಂದು ಕಾನೂನಿನ ವಿಷಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯದೊಂದು ಸಾಗರ ಕಾರ್ಮಿಕ ಒಡಂಬಡಿಕೆ ಇದೆ, 2006ರದ್ದು. ಭಾರತ 2015ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. 2022ರಲ್ಲಿ ಅದಕ್ಕೆ ಕೆಲವು ತಿದ್ದುಪಡಿ ಮಾಡಿದರು, 2024ರ ಡಿಸೆಂಬರ್ 23ರಿಂದ ಅವು ಜಾರಿಗೆ ಬಂದಿವೆ. ಹಡಗಿನಲ್ಲಿ ದುಡಿಯುವವರಿಗೆ ಮಾಲೀಕರು ಇಂಟರ್‌ನೆಟ್ ಕೊಡಬೇಕು, ದುಡ್ಡು ತೆಗೆದುಕೊಂಡರೂ ನ್ಯಾಯವಾದಷ್ಟೇ ತೆಗೆದುಕೊಳ್ಳಬೇಕು, ಬಂದರಿಗೆ ಬಂದು ನಿಂತ ಹಡಗಿನವರಿಗೆ ಆಯಾ ದೇಶವೂ ಆ ಸೌಕರ್ಯ ಮಾಡಿಕೊಡಬೇಕು, ಎಲ್ಲವೂ ಸಾಧ್ಯವಾದ ಮಟ್ಟಿಗೆ. ಈ ‘ಸಾಧ್ಯವಾದ ಮಟ್ಟಿಗೆ’ ಎಂಬುದನ್ನು ಸೇರಿಸಿದ ಮಹಾನುಭಾವರು ಜಿನೀವಾದವರೇ ಇರಬಹುದು, ತರಬೇತಿ ಮಾತ್ರ ನಮ್ಮ ಕಡೆಯ ಯಾವುದೋ ತಾಲ್ಲೂಕು ಕಚೇರಿಯಲ್ಲಿ ಆಗಿದೆ.

ನೆಲದ ಮೇಲೆ ಖಾಯಂ ಆಗಿ ಇರುವವರ ಬಗ್ಗೆ ಒಡಂಬಡಿಕೆ ಒಂದು ಮಾತೂ ಆಡುವುದಿಲ್ಲ. ಕಾರಣ ಸ್ಪಷ್ಟ. ನಮಗೆ ಕಾನೂನು ಬೇಕಿಲ್ಲ, ವಿದ್ಯೆ ಇದೆ.

ಆ ವಿದ್ಯೆಯ ಪರೀಕ್ಷೆ ನಿಜವಾದ ಸಮುದ್ರದ ಮೇಲೂ ಒಮ್ಮೆ ನಡೆದು ತುಮಕೂರು ತೇರ್ಗಡೆಯಾಯಿತು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು, ಅವರ ಮನೆಯವರು, ಇಬ್ಬರನ್ನೂ ಮಗಳು ಅಳಿಯ ಸೇರಿ ಮುಂಬೈಯಿಂದ ಗೋವಾಕ್ಕೆ ಹೋಗಿಬರುವ ಹಡಗು ಹತ್ತಿಸಿದರು. ದಡ ದೂರವಾಗುತ್ತಿದ್ದಂತೆ ಮಗಳು, ‘ಅಪ್ಪಾ, ಫೋನನ್ನ ಫ್ಲೈಟ್ ಮೋಡಿಗೆ ಹಾಕಿ. ಇಲ್ಲದಿದ್ರೆ ಹಡಗಿನ ನೆಟ್‌ವರ್ಕ್ ಹಿಡ್ಕೊಂಡು ರೋಮಿಂಗ್ ಬಿಲ್ ಬರುತ್ತೆ’ ಎಂದಳು. ‘ಹಡಗು ಹತ್ತಿಸಿ ಫ್ಲೈಟ್ ಮೋಡ್ ಹಾಕು ಅಂತೀಯಲ್ಲಮ್ಮಾ’ ಎಂದರಂತೆ ಮೇಷ್ಟ್ರು. ಆದರೂ ಹಾಕಿದರು. ಹಡಗಿನ ವೈಫೈ ದರ ಕೇಳಿ ಅದನ್ನು ತೆಂಗಿನಕಾಯಿಗೆ ಲೆಕ್ಕ ಹಾಕಿದರು, ಆಮೇಲೆ ಆ ಕೌಂಟರಿನ ಕಡೆ ತಲೆ ಹಾಕಲಿಲ್ಲ. ಅದೇ ರಾತ್ರಿ ಹನ್ನೆರಡಕ್ಕೆ ಅವರ ಇಪ್ಪತ್ತೆಂಟು ದಿನದ ಪ್ಯಾಕೂ ಮುಗಿಯಿತು. ರೀಚಾರ್ಜ್ ಮಾಡಲು ನೆಟ್ ಬೇಕು, ನೆಟ್ ಬೇಕಾದರೆ ರೀಚಾರ್ಜ್ ಆಗಬೇಕು. ಬೇರೆ ಊರಿನವರಾಗಿದ್ದರೆ ಕಂಗಾಲಾಗುತ್ತಿದ್ದರು.

ಮೇಷ್ಟ್ರು ಬೆಳಗಿನ ಜಾವ ಮೇಲಿನ ಅಟ್ಟಕ್ಕೆ ಹೋದರು. ಹೊಲದಲ್ಲಿ ಬೋರ್‌ವೆಲ್ ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವಂತೆ ಫೋನನ್ನು ಅಂಗೈ ಮೇಲಿಟ್ಟುಕೊಂಡು ಒಂದು ಸುತ್ತು ಹಾಕಿದರು. ಅಲ್ಲಿ ಆಗಲೇ ನಾಲ್ಕಾರು ಜನ ಫೋನು ಎತ್ತಿ ಹಿಡಿದು ಪಡುವಣದ ಕಡೆ ನಿಂತಿದ್ದರು, ಆ ಕಡೆ ಅರೇಬಿಯಾದವರೆಗೆ ಟವರ್ ಇಲ್ಲ. ಮೇಷ್ಟ್ರು ಭೂಗೋಳ ಪಾಠ ಮಾಡಿದವರು. ‘ಹಡಗು ದಕ್ಷಿಣಕ್ಕೆ ಹೋಗ್ತಿದೆ, ನೆಲ ಇರೋದು ಎಡಕ್ಕೆ. ಎಲ್ಲರೂ ಎಡಗಡೆ ಬನ್ನಿ. ವಾಪಸ್ ಬರುವಾಗ ಬಲಗಡೆ ನಿಲ್ಲಬೇಕು, ಮರೀಬೇಡಿ. ಕಬ್ಬಿಣದ ಗೋಡೆಗೆ ಒರಗಬೇಡಿ’ ಎಂದು ಸೂಚನೆ ಕೊಟ್ಟು ಸಾಲಾಗಿ ನಿಲ್ಲಿಸಿದರು. ಕರಾವಳಿ ಹತ್ತಿರವಾಗುತ್ತ ಒಬ್ಬೊಬ್ಬರ ಫೋನೂ ಟಿಂಗ್ ಟಿಂಗ್ ಎನ್ನತೊಡಗಿತು. ಪ್ಯಾಕ್ ಮುಗಿದ ಮೇಷ್ಟ್ರ ಫೋನಿಗೆ ಬಂದದ್ದು ರೀಚಾರ್ಜ್ ಮಾಡಿ ಎಂಬ ಎಸ್ಸೆಮ್ಮೆಸ್ ಮಾತ್ರ. ಮೆಸೇಜ್ ಒಳಗೆ ಬರುತ್ತಿದೆ ಎಂಬ ಒಂದೇ ಸುಳಿವು ಅವರಿಗೆ ಸಾಕಾಯಿತು.

ಮುರ್ಮಗೋವಾ ಬಂದರಿನಲ್ಲಿ ಇಳಿದ ಮೇಲೆ ಸಹಯಾತ್ರಿಕರೆಲ್ಲ ಬೀಚಿಗೆ ಟ್ಯಾಕ್ಸಿ ಕೇಳುತ್ತಿದ್ದರೆ ಮೇಷ್ಟ್ರು, ‘ಇಲ್ಲಿ ರೈಲ್ವೆ ಸ್ಟೇಷನ್ ಎಲ್ಲಿ?’ ಎಂದು ಕೇಳಿದರು. ವಾಸ್ಕೊ ಡ ಗಾಮಾ ನಿಲ್ದಾಣ ಬಂದರಿಗೆ ದೂರವಲ್ಲ. ಅದು ನೈಋತ್ಯ ರೈಲ್ವೆಗೆ ಸೇರಿದ್ದು, ಅಂದರೆ ನಮ್ಮ ತುಮಕೂರು ನಿಲ್ದಾಣದ ದಾಯಾದಿ. ಒಳಗೆ ಹೋಗಿ ಬೆಂಚಿನ ಮೇಲೆ ಕೂತು, ನಂಬರ್ ಒತ್ತಿ, ಒಟಿಪಿ ಹಾಕಿ, ಉಚಿತ ವೈಫೈ ಹಿಡಿದು ರೀಚಾರ್ಜ್ ಮಾಡಿಕೊಂಡು, ಇಬ್ಬರು ಮೊಮ್ಮಕ್ಕಳ ಮುಖ ನೋಡಿ, ಉಳಿದ ಹೊತ್ತಿನಲ್ಲಿ ಕೊಬ್ಬರಿ ದರವನ್ನೂ ನೋಡಿದರು. ಪೋರ್ಚುಗೀಸ್ ನಾವಿಕನ ಹೆಸರಿನ ನಿಲ್ದಾಣದಲ್ಲಿ ತುಮಕೂರಿನ ಮೇಷ್ಟ್ರೊಬ್ಬರು ತಿಪಟೂರು ಮಾರುಕಟ್ಟೆ ಧಾರಣೆ ನೋಡಿದ್ದು ನೌಕಾಯಾನದ ಇತಿಹಾಸದಲ್ಲಿ ದಾಖಲಾಗಬೇಕಾದ ಸಂಗತಿ. ಮನೆಯವರು ಬೀಚು ನೋಡಲಾಗಲಿಲ್ಲ ಎಂದು ಈಗಲೂ ಮಾತಾಡುತ್ತಾರೆ, ಅದು ಬೇರೆ.

ಇಂಥ ಮೇಷ್ಟ್ರುಗಳನ್ನು ತಯಾರಿಸುವ ಗರಡಿ ನಮ್ಮ ರೈಲ್ವೆ ನಿಲ್ದಾಣ. ನಿಲ್ದಾಣಗಳ ಉಚಿತ ವೈಫೈ ಶುರುವಾದದ್ದು 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ, ರೈಲ್‌ಟೆಲ್ ಮತ್ತು ಗೂಗಲ್ ಜೊತೆಯಾಗಿ. 2018ರ ಹೊತ್ತಿಗೆ 400 ನಿಲ್ದಾಣಕ್ಕೆ ಮುಟ್ಟಿಸಿದರು. 2020ರಲ್ಲಿ ಗೂಗಲ್‌ನವರು, ಮೊಬೈಲ್ ಡೇಟಾನೇ ಅಗ್ಗವಾಗಿದೆ, ಇನ್ನು ನಮ್ಮ ಅಗತ್ಯವಿಲ್ಲ ಎಂದು ಹೇಳಿ ಹೊರಟರು. ರೈಲ್‌ಟೆಲ್ ಮಾತ್ರ ನಿಲ್ಲಿಸದೆ 6,000ಕ್ಕೂ ಹೆಚ್ಚು ನಿಲ್ದಾಣಗಳಿಗೆ ಹಬ್ಬಿಸಿತು. ದಿನಕ್ಕೆ ಮೊದಲ ಅರ್ಧ ಗಂಟೆ ಉಚಿತ, ವೇಗ 1 ಎಂಬಿಪಿಎಸ್. ಆಮೇಲೂ ಬೇಕೆನ್ನುವ ದುರಾಸೆಯವರಿಗೆ 2021ರ ಮಾರ್ಚಿನಿಂದ ದುಡ್ಡಿನ ಪ್ಯಾಕು ಬಂತು. ಹತ್ತು ರೂಪಾಯಿ ಕೊಟ್ಟರೆ ಆ ದಿನಕ್ಕೆ 5 ಜಿಬಿ, ವೇಗ 34 ಎಂಬಿಪಿಎಸ್. ಹಡಗಿನವರು ಈ ದರ ಕೇಳಿದರೆ ಸಮುದ್ರಕ್ಕೆ ಹಾರಿ ಈಜಿಕೊಂಡು ಬಂದಾರು.

ಈ ವ್ಯವಸ್ಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ತತ್ತ್ವ. ವೈಫೈ ಬೇಕಾದವನು ಮೊದಲು ಮೊಬೈಲ್ ನಂಬರ್ ಕೊಡಬೇಕು. ಆ ನಂಬರಿಗೆ ಒಟಿಪಿ ಬರುತ್ತದೆ. ಒಟಿಪಿ ಬರಬೇಕಾದರೆ ಮೊಬೈಲಿಗೆ ಸಿಗ್ನಲ್ ಇರಬೇಕು. ಸಿಗ್ನಲ್ ಇದ್ದವನಿಗೆ ವೈಫೈ ಅಷ್ಟಾಗಿ ಬೇಕಿಲ್ಲ, ಸಿಗ್ನಲ್ ಇಲ್ಲದವನಿಗೆ ವೈಫೈ ಸಿಗುವುದಿಲ್ಲ. ಅರ್ಹತೆ ಇದ್ದವರಿಗೆ ಅಗತ್ಯವಿಲ್ಲ, ಅಗತ್ಯ ಇದ್ದವರಿಗೆ ಅರ್ಹತೆ ಇಲ್ಲ. ಇಷ್ಟು ಶುದ್ಧವಾದ ಫಲಾನುಭವಿ ಆಯ್ಕೆಯನ್ನು ಯಾವ ಸಮಿತಿಯೂ ಕೂತು ಮಾಡಲಾರದು. ಶಿಫಾರಸು ಪತ್ರ ನಡೆಯುವುದಿಲ್ಲ, ಎಮ್ಮೆಲ್ಲೆ ಫೋನು ನಡೆಯುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ರೈಲು ಹತ್ತದೆ ಕೇವಲ ವೈಫೈಗಾಗಿ ಪ್ಲಾಟ್‌ಫಾರಂಗೆ ಬರುವವರು ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಳ್ಳಬೇಕು. ಅದಕ್ಕೆ ಹತ್ತು ರೂಪಾಯಿ. ಅಂದರೆ ಅರ್ಧ ಗಂಟೆಯ ಉಚಿತ ವೈಫೈಗೂ ಹತ್ತೇ ರೂಪಾಯಿ, ಇಡೀ ದಿನದ 5 ಜಿಬಿಗೂ ಹತ್ತೇ ರೂಪಾಯಿ. ಉಚಿತಕ್ಕೂ ಖರೀದಿಗೂ ಒಂದೇ ಬೆಲೆ ಕಟ್ಟಿ ಬಡವ ಬಲ್ಲಿದ ಭೇದ ಅಳಿಸಿದ್ದಾರೆ. ಪ್ಲಾಟ್‌ಫಾರಂ ಟಿಕೆಟ್‌ನ ಅವಧಿ ಎರಡು ಗಂಟೆ. ಮೊದಲ ಅರ್ಧ ಗಂಟೆ ನೆಟ್ಟು, ಉಳಿದ ಒಂದೂವರೆ ಗಂಟೆ ಹೋಗಿಬರುವ ರೈಲುಗಳ ದರ್ಶನ. ನಮ್ಮ ಹೆಂಗಸರಿಗಂತೂ ಇನ್ನೂ ಅನುಕೂಲ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಊರಿಂದ ಬಸ್ಸಿನಲ್ಲಿ ಬರುವುದು ಪುಕ್ಕಟೆ.

ಈಗ ಯಾರಾದರೂ ಕೇಳಬಹುದು, ಮೊಬೈಲ್ ಡೇಟಾ ಅಗ್ಗವಾಗಿದೆ ಎಂದು ಗೂಗಲ್ಲೇ ಹೇಳಿ ಹೋದ ಮೇಲೆ ಇಷ್ಟೆಲ್ಲ ಹುಡುಕಾಟ ಯಾಕೆ ಎಂದು. ನಿಜ, 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು, ಒಂದು ಜಿಬಿಯನ್ನು ತಿಂಗಳಿಡೀ ಗಂಟು ಕಟ್ಟಿ ಬಳಸುತ್ತಿದ್ದವರು ಮದುವೆ ವಿಡಿಯೊಗಳನ್ನು ಪೂರ್ತಿ ನೋಡಲು ಕಲಿತರು. ಕಲಿತ ಮೇಲೆ ಖಾಸಗಿ ಕಂಪನಿಗಳು 2019ರ ಡಿಸೆಂಬರ್, 2021ರ ನವೆಂಬರ್, 2024ರ ಜುಲೈ ಹೀಗೆ ಒಂದೊಂದು ಮೆಟ್ಟಿಲು ದರ ಏರಿಸಿದವು. ಆದರೆ ಏರಿಕೆಗಿಂತ ನನಗೆ ಮೆಚ್ಚುಗೆ ಅವರ ಪಂಚಾಂಗದ ಬಗ್ಗೆ. ಪ್ಯಾಕಿನ ತಿಂಗಳಿಗೆ 28 ದಿನ. ವರ್ಷಕ್ಕೆ ಹದಿಮೂರು ತಿಂಗಳು. ನಮ್ಮ ಜೋಯಿಸರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಒಂದು ಅಧಿಕ ಮಾಸ ಕೊಡಲು ಗುಣಿಸಿ ಭಾಗಿಸಿ ಸುಸ್ತಾಗುತ್ತಾರೆ, ಇವರು ಪ್ರತಿ ವರ್ಷವೂ ಒಂದು ಕೊಟ್ಟಿದ್ದಾರೆ. ಅಧಿಕ ಮಾಸದಲ್ಲಿ ದಾನ ಮಾಡಿದರೆ ಪುಣ್ಯ ಹೆಚ್ಚು. ಆ ಪುಣ್ಯ ಯಾರ ಖಾತೆಗೆ ಹೋಗುತ್ತದೆ ಎಂಬುದು ಧರ್ಮಸೂಕ್ಷ್ಮ. ಕೂಲಿಯವರ ಮನೆಯಲ್ಲಿ ಫೋನು ಮೂರಿದ್ದರೆ ಪುಣ್ಯವೂ ಮೂರು ಪಾಲು.

ಆದ್ದರಿಂದ ಪ್ಯಾಕ್ ಮುಗಿದ ದಿನಗಳ ನಮ್ಮ ಆಶ್ರಯ ಜೆರಾಕ್ಸ್ ಅಂಗಡಿ. ಹೊರಗೆ ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ ಎಂಬ ಬೋರ್ಡು. ಒಳಗೆ ಒಂದು ಕಂಪ್ಯೂಟರ್, ಒಬ್ಬ ಹುಡುಗ, ಒಂದು ಹೆಬ್ಬೆಟ್ಟಿನ ಮೆಷಿನ್ನು. ಮೊದಲು ಇಂಥ ಜಾಗಗಳನ್ನು ಸೈಬರ್ ಕೆಫೆ ಎನ್ನುತ್ತಿದ್ದರು. ಪ್ಲೈವುಡ್ಡಿನ ಗೂಡುಗಳಲ್ಲಿ ಹುಡುಗರು ಬೆವರುತ್ತ ಸಿಇಟಿ ರಿಸಲ್ಟ್ ನೋಡುತ್ತಿದ್ದರು. 2011ರ ನಿಯಮಗಳಲ್ಲಿ ಕೇಂದ್ರ ಸರ್ಕಾರ ಆ ಗೂಡಿನ ಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಕೂಡದು, ಬಂದವರ ಗುರುತಿನ ಚೀಟಿ ನೋಡಬೇಕು, ದಾಖಲೆಯನ್ನು ವರ್ಷದವರೆಗೆ ಜೋಪಾನ ಮಾಡಬೇಕು ಎಂದಿತು. ಗೋಡೆಯ ಎತ್ತರ ಅಳೆಯುವಷ್ಟರಲ್ಲಿ ಕೆಫೆಗಳೇ ಹೋದವು.

ಹೋದದ್ದು ಒಳ್ಳೆಯದೇ ಆಯಿತು. ಯಾಕೆಂದರೆ ಈಗ ಆ ಜಾಗಕ್ಕೆ ಹುಡುಗರಲ್ಲ, ಇಡೀ ತಾಲ್ಲೂಕೇ ಬರುತ್ತದೆ. ಪಹಣಿ ಆನ್‌ಲೈನ್, ಜಾತಿ ಆದಾಯ ಪತ್ರ ಆನ್‌ಲೈನ್, ರೇಷನ್ ಕಾರ್ಡಿನ ಇ-ಕೆವೈಸಿ ಆನ್‌ಲೈನ್, ಪಿಂಚಣಿ ಬಂತೋ ಇಲ್ಲವೋ ಎಂಬುದೂ ಆನ್‌ಲೈನ್. ಸರ್ಕಾರ ತನ್ನ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಕಳಚಿ ಮೋಡದ ಮೇಲಿಟ್ಟಿದೆ, ಏಣಿಯನ್ನು ಮಾತ್ರ ಜನರ ವಿವೇಚನೆಗೆ ಬಿಟ್ಟಿದೆ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಈ ವ್ಯವಸ್ಥೆಯ ವೈಭವ ನೋಡಬೇಕಿತ್ತು. ಗುಬ್ಬಿ ಕಡೆಯ ಒಂದು ಸೇವಾ ಕೇಂದ್ರದ ಮುಂದೆ ಬೆಳಗ್ಗೆ ಆರಕ್ಕೇ ಚಪ್ಪಲಿಗಳು ಸಾಲಿನಲ್ಲಿ ನಿಂತಿದ್ದವು, ಒಡತಿಯರು ಮರದ ನೆರಳಿನಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಅಲ್ಲಿ ಕೇಳಿದ ಮಾತು:

‘ಏನ್ ಮಗಾ, ಬಂತಾ?’

‘ಸರ್ವರ್ ಇಲ್ಲ ಕಣಜ್ಜಿ.’

‘ಎಲ್ಲಿಗೋಯ್ತು?’

‘ಅದಿರೋದು ಬೆಂಗ್ಳೂರಲ್ಲಿ.’

‘ಹಂಗಾರೆ ಸಾಯಂಕಾಲದ ರೈಲಿಗೆ ಬತ್ತದೆ ಬಿಡು’ ಎಂದು ಅಜ್ಜಿ ಸೆರಗಿನ ಗಂಟು ಬಿಚ್ಚಿ ಇನ್ನೊಂದು ಎಲೆಗೆ ಸುಣ್ಣ ಸವರಿತು.

ಹಡಗಿನ ಪ್ರಯಾಣಿಕರಿಗೆ ನೆಟ್ ಐದು ನಿಮಿಷ ತಡವಾದರೆ ಕೌಂಟರಿನಲ್ಲಿ ಕೂಗಾಡುತ್ತಾರೆ. ಈ ಅಜ್ಜಿಯ ಸ್ಥಿತಪ್ರಜ್ಞೆ ಅವರಿಗೆ ಎಷ್ಟು ಡಾಲರ್ ಕೊಟ್ಟರೂ ಸಿಕ್ಕುವುದಿಲ್ಲ. ಸರ್ವರ್ ಬಾರದ ದಿನ ನಷ್ಟವಾಗುವುದು ಒಂದು ದಿನದ ಕೂಲಿ ಮಾತ್ರ. ಪ್ರತಿಯಾಗಿ ಆ ನೆರಳಿನಲ್ಲಿ ಎರಡು ಸಂಬಂಧ ಕುದುರಿದವು ಎಂದು ಕೇಳಿದ್ದೇನೆ. ಮನೆಮನೆಗೂ ಸರಿಯಾಗಿ ನೆಟ್ ಕೊಟ್ಟುಬಿಟ್ಟರೆ ಇಂಥ ಸಾಮಾಜಿಕ ಜೀವನ ಹಾಳಾಗದೆ ಇರುತ್ತದೆಯೇ?

ಗುಬ್ಬಿಯವರ ತಾಳ್ಮೆಗೆ ಇತಿಹಾಸವೂ ಇದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಇಲ್ಲಿಯದು. ವೀರಣ್ಣನವರ ಕಾಲಕ್ಕೆ ಅದು ರಂಗದ ಮೇಲೆ ನಿಜವಾದ ಆನೆ ಕುದುರೆ ತಂದು ನಿಲ್ಲಿಸಿತು. ಪರದೆ ಏಳುವುದನ್ನು ಕಾದು ಕೂತು, ಬೆಳಗಿನ ಕೋಳಿ ಕೂಗುವವರೆಗೆ ನಾಟಕ ನೋಡಿದವರ ಮೊಮ್ಮಕ್ಕಳು ಇವರು. ಈಗಿನ ಪರದೆಯ ಮೇಲೆ ಆನೆಯಿಲ್ಲ, ಕುದುರೆಯಿಲ್ಲ, ಒಂದು ಚಕ್ರ ಸುತ್ತುತ್ತಿರುತ್ತದೆ. ಪಾತ್ರಧಾರಿ ಒಬ್ಬನೇ ಆದರೂ ಪ್ರೇಕ್ಷಕರು ಎದ್ದು ಹೋಗಿಲ್ಲ. ಸಿಗ್ನಲ್ ಎತ್ತರದಲ್ಲಿ ಸಿಗುತ್ತದೆ ಎಂಬ ಸ್ಥಳೀಯ ಜ್ಞಾನವನ್ನು ಕೇಂದ್ರ ಸರ್ಕಾರವೂ ಗುರುತಿಸಿರುವಂತೆ ಕಾಣುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಎಚ್ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ, 2023ರ ಫೆಬ್ರವರಿ 6ರಂದು ಪ್ರಧಾನಿಯವರೇ ಬಂದು ಉದ್ಘಾಟಿಸಿದರು. ಮನೆಯ ತಾರಸಿ, ನೀರಿನ ಟ್ಯಾಂಕು, ತೆಂಗಿನ ಮರ ಇವುಗಳ ಮುಂದಿನ ಮೆಟ್ಟಿಲು ಹೆಲಿಕಾಪ್ಟರೇ ತಾನೆ? 2021ರಲ್ಲಿ ಸುಳ್ಯ ತಾಲ್ಲೂಕಿನ ಒಬ್ಬ ತಂದೆ ಮಗಳ ಆನ್‌ಲೈನ್ ಪಾಠಕ್ಕಾಗಿ ಸುರಿಯುವ ಮಳೆಯಲ್ಲಿ ರಸ್ತೆ ಪಕ್ಕ ಛತ್ರಿ ಹಿಡಿದು ನಿಂತ ಚಿತ್ರ ನಾಡೆಲ್ಲ ಹರಿದಾಡಿತಲ್ಲ. ಅವರಿಗೆ ಛತ್ರಿ ಬೇಕಾಯಿತು. ನಮ್ಮ ಜಿಲ್ಲೆಯಲ್ಲಿ ಮಳೆ ಕಡಿಮೆ, ಆ ಖರ್ಚೂ ಇಲ್ಲ.

ಕುಣಿಗಲ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆ ಊರು ಜಿಲ್ಲೆಗೆ ತುಮಕೂರು, ಲೋಕಸಭೆಗೆ ಬೆಂಗಳೂರು ಗ್ರಾಮಾಂತರ, ಹೇಮಾವತಿ ನೀರಿನ ಲೆಕ್ಕದಲ್ಲಿ ನಾಲೆಯ ಬಾಲದ ತುದಿ. ಯಾವುದೂ ತನ್ನ ಹತ್ತಿರಕ್ಕೆ ಮೊದಲು ಬರುವುದಿಲ್ಲ ಎಂಬ ಸತ್ಯವನ್ನು ಅದು ನೀರಿನಿಂದಲೇ ಕಲಿತಿದೆ. ರೈಲು ಬಂದದ್ದೂ 2017ರಲ್ಲಿ. ಟಿಪ್ಪುವಿನ ಕಾಲದ ಕುದುರೆ ಫಾರಂ ಇರುವ ಊರಾದ್ದರಿಂದ ವೇಗ ಎಂದರೆ ಏನು ಎಂಬುದು ಇಲ್ಲಿಯವರಿಗೆ ಬೇಲಿಯಾಚೆಯಿಂದ ನೋಡಿ ಗೊತ್ತು. ಮಂಗಳೂರಿನ ಹಡಗಿಗೆ ಹೋಗುವ ಸರಕೂ ಹಡಗಿನಿಂದ ಬಂದ ಸರಕೂ ಇವರ ಮೂಗಿನ ಮುಂದೆಯೇ ಹಾದುಹೋಗುತ್ತದೆ. ಹೆದ್ದಾರಿಯ ಹೋಟೆಲುಗಳಲ್ಲಿ ಕಾರಿನವರಿಗೆ ವೈಫೈ ಪಾಸ್‌ವರ್ಡ್ ಸಿಗುತ್ತದೆ. ಊರವರು ಅಲ್ಲಿ ಒಂದು ಕಾಫಿಯನ್ನು ಇಬ್ಬರು ಬೈಟು ಮಾಡಿ ಅದೇ ಪಾಸ್‌ವರ್ಡ್ ಪಡೆಯುತ್ತಾರೆ. ಹಡಗಿನ ಸಿಬ್ಬಂದಿ ಒಬ್ಬೊಬ್ಬರೂ ಒಂದೊಂದು ಕಾಫಿ ತೆಗೆದುಕೊಳ್ಳುತ್ತಾರೆಂದು ಮೊದಲೇ ಹೇಳಿದೆನಷ್ಟೆ. ಯಾರು ಯಾರಿಂದ ಕಲಿಯಬೇಕು ಎಂಬುದನ್ನು ನೀವೇ ತೀರ್ಮಾನಿಸಿ.

ಸರ್ಕಾರ ಸುಮ್ಮನೆ ಕೂತಿದೆ ಎಂದು ಹೇಳಿದರೆ ಪಾಪ ಬರುತ್ತದೆ. ಪಂಚಾಯ್ತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲೇ, 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂಬ ಹೊಸ ಹೆಸರೂ ಬಂತು. 2020ರ ಡಿಸೆಂಬರ್ 9ರಂದು ಪಿಎಂ-ವಾಣಿ ಯೋಜನೆಗೆ ಸಂಪುಟ ಒಪ್ಪಿತು. ಟೀ ಅಂಗಡಿಯವನೋ ದಿನಸಿ ಅಂಗಡಿಯವನೋ ಲೈಸೆನ್ಸು, ಶುಲ್ಕ ಯಾವುದೂ ಇಲ್ಲದೆ ಹಳೆಯ ಎಸ್‌ಟಿಡಿ ಬೂತಿನ ಹಾಗೆ ವೈಫೈ ಮಾರಬಹುದು. ನಿಜಕ್ಕೂ ಒಳ್ಳೆಯ ಯೋಜನೆ, ಇದನ್ನು ನಾನು ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ನಮ್ಮ ಬೀದಿಯ ಟೀ ಅಂಗಡಿಯವರಿಗೆ ಇದನ್ನು ವಿವರಿಸಿದಾಗ ಅವರು ಬಹಳ ಖುಷಿಪಟ್ಟರು, ‘ಅರ್ಜಿ ಎಲ್ಲಿ ಹಾಕ್ಬೇಕು ಸಾರ್?’ ಎಂದರು. ಆನ್‌ಲೈನಿನಲ್ಲಿ ಎಂದೆ. ಅವರು ಹಾಲು ಉಕ್ಕುತ್ತಿದೆ ಎಂದು ಒಳಗೆ ಹೋದರು.

ಸಮುದ್ರದ ನಡುವೆ ಇರುವ ಲಕ್ಷದ್ವೀಪಕ್ಕೂ ಕೊಚ್ಚಿಯಿಂದ ಕಡಲ ತಳದಲ್ಲಿ ಫೈಬರ್ ಕೇಬಲ್ ಎಳೆದು 2024ರ ಜನವರಿ 3ರಂದು ಉದ್ಘಾಟನೆ ಮಾಡಿದ್ದಾರೆ. ಉಪಗ್ರಹವನ್ನೇ ನಂಬಿದ್ದ ದ್ವೀಪಗಳ ಸಾಮರ್ಥ್ಯ 1.7 ಜಿಬಿಪಿಎಸ್‌ನಿಂದ 200 ಜಿಬಿಪಿಎಸ್‌ಗೆ ಏರಿತು ಎಂದು ಸರ್ಕಾರ ಹೇಳಿತು. ಇದರಿಂದ ನನಗೊಂದು ವಿಷಯ ಹೊಳೆಯಿತು. ಸುತ್ತ ಉಪ್ಪುನೀರು ಇದ್ದರೆ ಕೇಬಲ್ ಬರುತ್ತದೆ. ಹಡಗು ಬಂದು ನಿಂತರೆ ಅಂತರರಾಷ್ಟ್ರೀಯ ಒಡಂಬಡಿಕೆ ಬರುತ್ತದೆ. ನಮ್ಮ ತೊಂದರೆ ಬಡತನದ್ದಲ್ಲ, ತಂತ್ರಜ್ಞಾನದ್ದಲ್ಲ, ಕೇವಲ ಭೂಗೋಳದ್ದು. ನಾಲ್ಕೂ ಕಡೆ ನೆಲ ಇರುವ ತಪ್ಪಿಗೆ ನಾವು ಜೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದೇವೆ.

ಆದ್ದರಿಂದ ಸರ್ಕಾರದಲ್ಲಿ ನನ್ನದೊಂದು ವಿನಮ್ರ ಬೇಡಿಕೆ. ನೆಟ್ ಕೊಡಿ ಎಂದು ಕೇಳುವ ಒರಟುತನ ನಮಗೆ ಬೇಡ. ತುಮಕೂರನ್ನು ದೊಡ್ಡ ಬಂದರು, ಗುಬ್ಬಿ ಮತ್ತು ಕುಣಿಗಲ್ಲನ್ನು ಕಿರು ಬಂದರು ಎಂದು ಘೋಷಿಸಿದರೆ ಸಾಕು, ಉಳಿದದ್ದನ್ನು ಜಿನೀವಾದವರು ನೋಡಿಕೊಳ್ಳುತ್ತಾರೆ. ತುಮಕೂರು ಸಂಸದರಾದ ಸೋಮಣ್ಣನವರು 2024ರ ಜೂನ್‌ನಿಂದ ಕೇಂದ್ರದಲ್ಲಿ ರೈಲ್ವೆ ಮತ್ತು ಜಲಶಕ್ತಿ ಎರಡಕ್ಕೂ ರಾಜ್ಯ ಸಚಿವರು. ರೈಲೂ ಅವರ ಕಡೆ, ನೀರೂ ಅವರ ಕಡೆ. ಎರಡೂ ಸೇರುವ ಜಾಗಕ್ಕೆ ಬಂದರು ಎನ್ನದೆ ಇನ್ನೇನು ಎನ್ನುತ್ತಾರೆ? ಹೆಚ್ಚಿನ ಖರ್ಚೂ ಇಲ್ಲ. ದೀಪಸ್ತಂಭಕ್ಕೆ ದೇವರಾಯನದುರ್ಗ ಇದೆ, ಧಕ್ಕೆಗೆ ಅಮಾನಿಕೆರೆಯ ಏರಿ ಇದೆ, ಸರ್ವರ್ ಬರುವವರೆಗೆ ಕಾಯುವ ನಾವಿಕರು ಬೇಕಾದಷ್ಟು ಇದ್ದಾರೆ.

ಈ ಮನವಿಯನ್ನು ಆನ್‌ಲೈನಿನಲ್ಲೇ ಸಲ್ಲಿಸಬೇಕಂತೆ. ಸಹಿ ಮಾಡಲು ಇಚ್ಛೆ ಇರುವವರು ಆಧಾರ್‌ಗೆ ಲಿಂಕ್ ಆದ ಫೋನಿನ ಸಮೇತ ತುಮಕೂರು ನಿಲ್ದಾಣಕ್ಕೆ ಬನ್ನಿ. ಪ್ಲಾಟ್‌ಫಾರಂ ಟಿಕೆಟ್ ಅವರವರದೇ.